ಹನ್ನೊಂದು ನಿಮಿಷದ ನಿಲುಗಡೆ

ರೈಲ್ವೆಯ ವೇಳಾಪಟ್ಟಿ ಕಚೇರಿಯಲ್ಲಿ ಮೂವತ್ನಾಲ್ಕು ವರ್ಷ ದುಡಿದ ಆಕೆಗೆ ಸಹೋದ್ಯೋಗಿಗಳು ಇಟ್ಟ ಹೆಸರು ನಿಮಿಷಮ್ಮ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಬೆನ್ನ ಹಿಂದೆ ಕರೆಯುವ ಹೆಸರೇ ಅಲ್ಲವೇ ಜನರಿಗೆ ಗಟ್ಟಿಯಾಗಿ ಅಂಟಿಕೊಳ್ಳುವುದು. ಎಂಥ ದೊಡ್ಡ ಅಧಿಕಾರಿ ಬಂದು "ನಮ್ಮ ಮಾವನೋರ ಊರಲ್ಲಿ ಇನ್ನೊಂದು ನಿಮಿಷ ರೈಲು ನಿಲ್ಲಿಸೋಕಾಗುತ್ತಾ" ಎಂದು ಹಲ್ಲು ಗಿಂಜಿದರೂ, ನಿಮಿಷಮ್ಮ ಕನ್ನಡಕದ ಮೇಲಿನಿಂದ ನೋಡಿ, "ಆ ನಿಮಿಷಾನ ಯಾರ ಹತ್ರ ಕಿತ್ಕೊಳ್ಳಲಿ, ಹೇಳಿ" ಎಂದು ಕೇಳುತ್ತಿದ್ದರು. ಮಾವನವರ ಊರು ಅಲ್ಲಿಗೇ ತಣ್ಣಗಾಗುತ್ತಿತ್ತು. ನಿವೃತ್ತಿಯ ದಿನ ಭಾಷಣ ಮಾಡಿದವರು, ಈ ಅಮ್ಮ ಒಂದೇ ಒಂದು ನಿಮಿಷವನ್ನೂ ಯಾರಿಗೂ ಪುಕ್ಕಟೆ ಕೊಟ್ಟವರಲ್ಲ ಎಂದು ಹೊಗಳಿದ್ದರು. ನಿಮಿಷಮ್ಮ ತಲೆ ತಗ್ಗಿಸಿ ಕುಳಿತಿದ್ದರು. ಸಂಕೋಚ ಇರಬೇಕು ಎಂದುಕೊಂಡರು ಎಲ್ಲರೂ.

ವೇಳಾಪಟ್ಟಿ ಎಂದರೆ ಈಗಿನವರಿಗೆ ಫೋನಿನ ಪರದೆ. ಆಗ ಅದು ಹಾಸಿಗೆಯಷ್ಟು ಅಗಲದ ಕಾಗದ. ಅಡ್ಡಕ್ಕೆ ಗಂಟೆ, ನಿಮಿಷ. ಉದ್ದಕ್ಕೆ ಒಂದರ ಕೆಳಗೊಂದು ಸ್ಟೇಷನ್ನುಗಳ ಹೆಸರು. ರೈಲು ಓಡಿದರೆ ಓರೆ ಗೆರೆ, ನಿಂತರೆ ಗೆರೆ ಮಟ್ಟಸವಾಗಿ ಮಲಗುತ್ತದೆ. ಎತ್ತರದ ಕಿಟಕಿಗಳ ಆ ಕೋಣೆಯಲ್ಲಿ ಆರು ಮೇಜು, ಆರು ಜನ. ಪೆನ್ಸಿಲ್ ಚೂಪು ಮಾಡುವುದರಲ್ಲೇ ಬೆಳಗಿನ ಅರ್ಧ ಗಂಟೆ ಕಳೆಯುತ್ತಿದ್ದ ಒಬ್ಬ ಗುಮಾಸ್ತನಿದ್ದ, ಅವನಿಗೆ ಚೂಪಣ್ಣ ಎಂದೇ ಹೆಸರು. ಸಂಜೆ ಹೊರಡುವಾಗ ಎಲ್ಲರ ತೋಳಿನ ಮೇಲೂ ಅಳಿಸಿದ ರಬ್ಬರಿನ ಪುಡಿ. ನಿಮಿಷಮ್ಮ ಆ ಕೋಣೆಯನ್ನು ಈಗಲೂ ಕಣ್ಣು ಮುಚ್ಚಿಕೊಂಡು ಸುತ್ತಿ ಬರಬಲ್ಲರು. ಒಂದೊಂದು ಸಲ ಮಧ್ಯಾಹ್ನ ಮಂಚದ ಮೇಲೆ ಹಾಗೇ ಸುತ್ತಿ ಬರುತ್ತಾರೆ, ಯಾರಿಗೂ ಹೇಳುವುದಿಲ್ಲ ಅಷ್ಟೆ. ಬದುಕಿನಲ್ಲಿ ತಾನು ಅತ್ಯಂತ ಸುಖವಾಗಿದ್ದ ಜಾಗ ಒಂದು ಸರ್ಕಾರಿ ಕಚೇರಿ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು?

ಈಗ ಅವರಿಗೆ ಎಪ್ಪತ್ನಾಲ್ಕು. ಮಗಳ ಜೊತೆ ಮೂರನೇ ಮಹಡಿಯ ಮನೆಯಲ್ಲಿ ವಾಸ. ಮಗಳಿಗೂ ರೈಲಿನ ಕೆಲಸವೇ, ಆದರೆ ಇನ್ನೂ ಹುಟ್ಟದ ರೈಲಿನದು. ಹಳೆಯ ರೈಲು ಆರು ಗಂಟೆ ಹತ್ತು ನಿಮಿಷದಲ್ಲಿ ತೆವಳುವ ದಾರಿಯನ್ನು ಒಂದೂವರೆ ಗಂಟೆಯಲ್ಲಿ ಮುಗಿಸುವ ಅತಿವೇಗದ ರೈಲು. ಸೇತುವೆಗಳ ಮೇಲೆ, ಗುಡ್ಡಗಳ ಹೊಟ್ಟೆಯೊಳಗೆ ಹೊಸ ಹಳಿ ಹಾಕಬೇಕು, ಅದಕ್ಕೆ ಜನರ ತೆರಿಗೆಯ ದುಡ್ಡು ನೀರಿನಂತೆ ಹರಿಯಬೇಕು. ಅಷ್ಟು ದುಡ್ಡಿಗೆ ಅದು ಬಾಳುತ್ತದೋ ಇಲ್ಲವೋ ಎಂದು ತೂಗಿ ನೋಡುವುದೇ ಮಗಳ ವಿಭಾಗದ ಕೆಲಸ. ಏಳು ವರ್ಷ ತೂಗಿದ್ದಳು. ಪತ್ರಿಕೆಗಳಲ್ಲಿ ಒಬ್ಬರು ಇದೇ ಉದ್ಧಾರ ಎಂದರು, ಇನ್ನೊಬ್ಬರು ಇದೇ ಸರ್ವನಾಶ ಎಂದರು. ಮಗಳು ಇಬ್ಬರನ್ನೂ ಓದಿ ತಲೆ ಕೆಡಿಸಿಕೊಳ್ಳದೆ ತನ್ನ ಅಂಕಿಗಳ ಮುಂದೆ ಕೂರುತ್ತಿದ್ದಳು. ಕೊನೆಗೆ ಉತ್ತರ ಬಂದಿತ್ತು. ನೂರು ಪಾಲು ಖರ್ಚು ಮಾಡಿದರೆ ನೂರಾಮೂರು ಪಾಲು ಲಾಭ. ಕೂದಲೆಳೆಯ ಗೆಲುವು, ಆದರೂ ಗೆಲುವೇ. ನೂರಕ್ಕಿಂತ ಕೆಳಗಿಳಿದಿದ್ದರೆ ಕಡತ ಮುಚ್ಚಿದಂತೆಯೇ. ಬುಧವಾರ ನಗರಸಭೆಯ ಸಭಾಂಗಣದಲ್ಲಿ ಸಾರ್ವಜನಿಕರ ಮುಂದೆ ಅವಳು ಅದನ್ನು ಓದಬೇಕಿತ್ತು. ಅದು ಸುಸೂತ್ರವಾಗಿ ಮುಗಿದರೆ ವಿಭಾಗದ ಮುಖ್ಯಸ್ಥೆಯ ಕುರ್ಚಿ ಅವಳದೇ ಎಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅದಕ್ಕೂ ಮೊದಲಿನ ಭಾನುವಾರ ಬೆಳಿಗ್ಗೆ ಮಗಳು ಒಂದು ಹಾಳೆ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟಳು. ನಿಮಿಷಮ್ಮ ಕಾಫಿ ಲೋಟ ಪಕ್ಕಕ್ಕೆ ಸರಿಸಿದರು.

"ಅಮ್ಮ, ಇಲ್ಲೊಂದು ಸಹಿ ಬೇಕು. ಹಳೇ ರೈಲಿನ ಆರು ಗಂಟೆ ಹತ್ತು ನಿಮಿಷ ಇದೆಯಲ್ಲ, ಅದರಲ್ಲಿ ಬೇಡದ್ದು ಏನೂ ಇಲ್ಲ ಅಂತ ಆ ಪಟ್ಟಿ ಗೊತ್ತಿರೋರು ಒಬ್ರು ಬರೆದುಕೊಡಬೇಕಂತೆ."

"ಯಾಕಂತೆ?"

"ನಿಯಮ. ಹೊಸ ರೈಲು ಎಷ್ಟು ಸಮಯ ಉಳಿಸುತ್ತೆ ಅನ್ನೋದೇ ಹೆಚ್ಚುಕಮ್ಮಿ ಪೂರ್ತಿ ಲಾಭ. ಹಳೇ ರೈಲಲ್ಲಿ ಸುಮ್ಮಸುಮ್ಮನೆ ನಿಲ್ಲೋ ಸಮಯ ಇದ್ರೆ, ಅದನ್ನ ಖರ್ಚಿಲ್ದೆ ನಾಳೇನೇ ತೆಗೀಬಹುದಲ್ಲ. ಹಾಗಿರೋವಾಗ ಅದನ್ನ ಹೊಸ ರೈಲು ಉಳಿಸ್ತು ಅಂತ ಹೇಳೋ ಹಾಗಿಲ್ಲ." ಮಗಳು ನಕ್ಕಳು. "ನೀನು ಮಾಡಿದ ಪಟ್ಟೀಲಿ ಬೇಡದ ನಿಮಿಷ ಎಲ್ಲಿಂದ ಬರ್ಬೇಕು. ಚೂಪಣ್ಣ ಮಾಮನ್ನ ಕೇಳೋಣ ಅಂದ್ರೆ ಅವ್ರಿಗೆ ಈಗ ತಮ್ಮ ಹೆಸರೇ ನೆನಪಿಲ್ವಂತೆ. ನೀನೇ ಗತಿ."

ನಿಮಿಷಮ್ಮ ಪೆನ್ನು ಕೈಗೆತ್ತಿಕೊಂಡರು, ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಇಂಥದ್ದೊಂದು ದಿನ ಬರುತ್ತದೆ ಎಂದು ಅವರು ನಿವೃತ್ತಿಯಾಗುವವರೆಗೂ ಹೆದರಿದ್ದರು. ಆಮೇಲೆ ಇನ್ನು ಬರುವುದಿಲ್ಲ ಎಂದು ನೆಮ್ಮದಿಯಾಗಿದ್ದರು. ಈಗ ಬಂದಿತ್ತು. ಯಾವುದೋ ತಪಾಸಣಾಧಿಕಾರಿಯ ವೇಷದಲ್ಲಿ ಬಂದಿದ್ದರೆ ಬೇರೆ ಮಾತು, ಹೊಟ್ಟೆಯಲ್ಲಿ ಹುಟ್ಟಿದ ಮಗಳ ರೂಪದಲ್ಲೇ ಬಂದು ಕುಳಿತಿತ್ತು.

"ಓದಿ ಹಾಕ್ತೀನಿ. ಸ್ವಲ್ಪ ಬಿಡು," ಎಂದರು.

"ನಾಲ್ಕು ಸಾಲಿಗೆ ಎಷ್ಟು ಹೊತ್ತು ಓದ್ತೀಯ," ಎಂದು ಗೊಣಗಿಕೊಂಡು ಮಗಳು ಬಟ್ಟೆ ಒಣಗಿಸಲು ಹೋದಳು.

ಓದುವುದೇನಿತ್ತು? ನಿಮಿಷಮ್ಮ ಹಾಳೆಯನ್ನು ನೋಡುತ್ತ ಬೇರೆಯದನ್ನೇ ನೋಡುತ್ತಿದ್ದರು. ಆಗ ಅವರಿಗೆ ಇಪ್ಪತ್ತೊಂಬತ್ತು, ಮಗಳಿಗೆ ಆರು ತಿಂಗಳು. ತಮ್ಮ ಕೆಲಸ ರೈಲುಮಾರ್ಗದ ಈ ತುದಿಯ ಪಟ್ಟಣದಲ್ಲಿ. ಅವರ ತಾಯಿ, ಅಂದರೆ ಮಗಳ ಅಜ್ಜಿ, ಆ ತುದಿಯ ಪಟ್ಟಣದಲ್ಲಿ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದರು. ವಾರವಿಡೀ ಪಕ್ಕದ ಮನೆಯಾಕೆ ನೋಡಿಕೊಂಡರೆ ಶನಿವಾರ ರಾತ್ರಿಯಿಂದ ಭಾನುವಾರ ಮಧ್ಯಾಹ್ನದವರೆಗೆ ಮಗಳಾದವಳ ಸರದಿ. ಗಂಡ ಸರಿಯಾಗಿ ನಡುಮಧ್ಯದ ಒಂದು ಸಣ್ಣ ಸ್ಟೇಷನ್ನಿನ ಮಾಸ್ತರ. ಬದಲಿ ಮಾಸ್ತರನಿಲ್ಲದೆ ಅವನಿಗೆ ರಜೆ ಎಂಬುದೇ ಇರಲಿಲ್ಲ, ವರ್ಗಾವಣೆಯ ಅರ್ಜಿಗಳು ಯಾವ ಬೀರುವಿನಲ್ಲಿ ನಿದ್ದೆ ಹೊಡೆಯುತ್ತಿದ್ದವೋ. ದಿನಕ್ಕೆ ಒಂದೇ ರೈಲು. ಇಳಿದರೆ ತಾಯಿ ತಪ್ಪುತ್ತಾಳೆ, ಇಳಿಯದಿದ್ದರೆ ಗಂಡ ತಪ್ಪುತ್ತಾನೆ. ಆದರೆ ಆ ಸ್ಟೇಷನ್ನಿನಲ್ಲಿ ಉಗಿ ಎಂಜಿನ್ನಿಗೆ ನೀರು ತುಂಬಿಸಲು ರೈಲು ಹನ್ನೊಂದು ನಿಮಿಷ ನಿಲ್ಲುತ್ತಿತ್ತು. ಶನಿವಾರ ಹನ್ನೊಂದು, ಭಾನುವಾರ ಹಿಂದಿರುಗುವಾಗ ಹನ್ನೊಂದು. ಅಷ್ಟರಲ್ಲೇ ಅವರ ಸಂಸಾರ ನಡೆಯುತ್ತಿತ್ತು.

ಆ ವರ್ಷವೇ ಡೀಸೆಲ್ ಎಂಜಿನ್ನು ಬಂತು. ಡೀಸೆಲ್ಲಿಗೆ ಎಲ್ಲಿಯ ನೀರು? ಆ ಮಾರ್ಗದಲ್ಲಿ ಐದು ಕಡೆ ಇದ್ದ ನೀರಿನ ನಿಲುಗಡೆ ಅಳಿಸಿ ಎಂದು ಆದೇಶ ಬಂತು. ನಿಮಿಷಮ್ಮ ರಬ್ಬರ್ ಹಿಡಿದು ಒಂದು ಅಳಿಸಿದರು, ಎರಡು ಅಳಿಸಿದರು, ನಾಲ್ಕನ್ನು ಅಳಿಸಿದರು. ಐದನೆಯದರ ಮೇಲೆ ಕೈ ನಿಂತುಬಿಟ್ಟಿತು. ಹೊಸ ಪಟ್ಟಿ ಹೊರಟ ಮೂರನೇ ದಿನ ಕಚೇರಿಯ ಫೋನು ಹೊಡೆದುಕೊಂಡಿತು.

"ನಮ್ಮ ಸ್ಟೇಷನ್ನಿನ ಸಮಯದಲ್ಲಿ ತಪ್ಪಾಗಿದೆ ಅನ್ಸುತ್ತೆ, ಹನ್ನೊಂದು ನಿಮಿಷ ಹಾಗೇ ಇದೆ," ಎಂದು ಗಂಡ ಅಧಿಕೃತ ದನಿಯಲ್ಲಿ ಹೇಳಿದ್ದ. ಆ ತಂತಿಯಲ್ಲಿ ಇನ್ನೂ ಹತ್ತು ಸ್ಟೇಷನ್ನಿನವರ ಕಿವಿಯಿರುತ್ತಿತ್ತು.

"ತಪ್ಪಾಗಿಲ್ಲ," ಎಂದಿದ್ದರು ನಿಮಿಷಮ್ಮ.

 "ಸರಿ, ಮೇಡಂ," ಎಂದ ಅವನು. ಮದುವೆಯಾದ ಮೇಲೆ ಅವನು ಹೆಂಡತಿಯನ್ನು ಮೇಡಂ ಎಂದದ್ದು ಅದೊಂದೇ ಸಲ. ಆ ದನಿ ನೆನಪಾದರೆ ಈಗಲೂ ನಿಮಿಷಮ್ಮನ ಕೆನ್ನೆ ಬಿಸಿಯಾಗುತ್ತದೆ, ಅವನು ಹೋಗಿ ಒಂಬತ್ತು ವರ್ಷವಾದರೂ.

ರೈಲು ಬಂದು ನಿಲ್ಲುವ ಮೊದಲೇ ಅವನು ಕಿಟಕಿಯ ಜೊತೆ ಓಡಿ ಬರುತ್ತಿದ್ದ. ಹಸಿರು ಬಾವುಟ ಕಂಕುಳಲ್ಲಿ. ರೈಲು ನಿಂತೊಡನೆ ಮಗು ನಿಮಿಷಮ್ಮನ ತೋಳಿನಿಂದ ಅವನ ಹೆಗಲಿಗೆ. ಪ್ಲಾಟ್‌ಫಾರಂನ ಈ ತುದಿಯಿಂದ ಆ ತುದಿಗೆ ಹೋಗಿ ಹಿಂದೆ ಬರುತ್ತಿದ್ದ. ಮಗುವಿಗೆ ಸಿಗ್ನಲ್ ತೋರಿಸುವುದು, ಗಂಟೆ ಬಾರಿಸುವುದು, ಕಂಡವರಿಗೆಲ್ಲ "ನಮ್ಮದೇ, ನಮ್ಮದೇ" ಎಂದು ಹೇಳುವುದು. ಕೇಳಿದವರು ಯಾರು? ನಿಮಿಷಮ್ಮ ಪಕ್ಕದಲ್ಲಿ ನಡೆಯುತ್ತ ವಾರದ ಸುದ್ದಿಯನ್ನೆಲ್ಲ ಗಡಿಬಿಡಿಯಲ್ಲಿ ಹೇಳುತ್ತಿದ್ದರು. ಅರ್ಧ ಹೇಳುವಷ್ಟರಲ್ಲಿ ಹತ್ತನೇ ನಿಮಿಷ. ಎಂಜಿನ್ ಡ್ರೈವರು ಮಾತ್ರ ಎಂದೂ ಅವಸರದ ಸೀಟಿ ಊದಲಿಲ್ಲ, ಅವನಿಗೆ ಎಲ್ಲ ಗೊತ್ತಿತ್ತು. ಅಂಥ ಜನ, ಅಂಥ ಕಾಲ. ಎಷ್ಟು ಕಷ್ಟದ ದಿನಗಳು, ಆದರೂ ಈಗ ಯಾರಾದರೂ ಒಂದು ವಾರವನ್ನು ವಾಪಸು ಕೊಡುತ್ತೇನೆಂದರೆ ನಿಮಿಷಮ್ಮ ಬೇರೆ ಯಾವ ವಾರವನ್ನೂ ಕೇಳುತ್ತಿರಲಿಲ್ಲ.

ತಮಾಷೆ ಆಮೇಲಿನದು. ಕೆಲವು ವರ್ಷ ಕಳೆದು ಒಬ್ಬ ಹೊಸ ಅಧಿಕಾರಿ ತಪಾಸಣೆಗೆ ಬಂದ. ಪಟ್ಟಿಯ ಷರಾದಲ್ಲಿ "ನೀರಿಗಾಗಿ ಹನ್ನೊಂದು ನಿಮಿಷ" ಎಂದಿದೆ, ಪ್ಲಾಟ್‌ಫಾರಂನಲ್ಲಿ ನೋಡಿದರೆ ನೀರೇ ಇಲ್ಲ. ಸಿಟ್ಟಿಗೆದ್ದು ಎಂಟು ನಲ್ಲಿ ಹಾಕಿಸಿಬಿಟ್ಟ. ಪ್ರಯಾಣಿಕರು ಇಳಿದು ನೀರು ಹಿಡಿಯತೊಡಗಿದರು, ಕೈಕಾಲು ತೊಳೆದು ಮಾತಿಗೆ ನಿಂತರು. ಅಲ್ಲಿಂದ ಮುಂದೆ ಆ ನಿಲುಗಡೆಯನ್ನು ಯಾರೂ ಪ್ರಶ್ನಿಸಲಿಲ್ಲ. ಈಗ ವಿದ್ಯುತ್ ಎಂಜಿನ್ನು ಬಂದಿದೆ, ಎಲ್ಲರ ಕೈಯಲ್ಲೂ ಬಾಟಲಿಯಿದೆ, ನಲ್ಲಿಗಳು ತುಕ್ಕು ಹಿಡಿದಿವೆ. ರೈಲು ಮಾತ್ರ ಇವತ್ತಿಗೂ ಅಲ್ಲಿ ಹನ್ನೊಂದು ನಿಮಿಷ ನಿಲ್ಲುತ್ತದೆ.

ಮಗಳು ಖಾಲಿ ಬುಟ್ಟಿ ಹಿಡಿದು ಒಳಗೆ ಬಂದಾಗ ಹಾಳೆ ಹಾಗೇ ಇತ್ತು.

ಸಹಿ ಹಾಕಿಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಗಳಿಗೆ ಕುರ್ಚಿ ಸಿಗುತ್ತಿತ್ತು, ತಮ್ಮ ಹೆಸರಿಗೂ ಮಸಿ ಹತ್ತುತ್ತಿರಲಿಲ್ಲ. ವೇಗದ ಮೇಲೆ ನಿಮಿಷಮ್ಮನಿಗೆ ಹಗೆಯೇನೂ ಇರಲಿಲ್ಲ. ಜೀವಮಾನವೆಲ್ಲ ರೈಲುಗಳಿಗೆ ಬೇಗ ಬೇಗ ಎಂದವರೇ ಅವರು. ಆದರೆ ಮಗಳು ಆ ಅಂಕಿಯನ್ನು ಸಾವಿರ ಜನರ ಮುಂದೆ ನಿಂತು ಸತ್ಯವೆಂದು ಓದುತ್ತಾಳೆ, ತಾನು ಮುಂದಿನ ಸಾಲಿನಲ್ಲಿ ಕುಳಿತು ಕೇಳಬೇಕಾಗುತ್ತದೆ. ಅದು ಅವರಿಂದ ಆಗದು.

"ಕೂತ್ಕೊ," ಎಂದರು. "ಆ ನೀರಿನ ಸ್ಟೇಷನ್ನು ನೆನಪಿದೆಯಾ?"

"ಅಪ್ಪ ಇದ್ದ ಸ್ಟೇಷನ್ನು. ಎಂಜಿನ್ನಿಗೆ ನೀರು ತುಂಬಿಸೋಕೆ ನಿಲ್ತಿತ್ತಲ್ಲ." ಮಗಳು ಹಾಗೆಂದವಳೇ ಬುಟ್ಟಿಯನ್ನು ಕೆಳಗಿಟ್ಟಳು. ಎಂಜಿನಿಯರಿಂಗ್ ಓದಿದವಳು. ಅವಳ ಮುಖದಲ್ಲಿ ಏನೋ ಒಂದು ಓಡಿ ಹೋಯಿತು. "ಆದ್ರೆ ನನಗೆ ಬುದ್ಧಿ ಬರೋ ಹೊತ್ತಿಗೆ ಡೀಸೆಲ್ ಇತ್ತು."

"ನಿಂಗೆ ಆರು ತಿಂಗಳಿರೋವಾಗಲೇ ಡೀಸೆಲ್ ಬಂದಿತ್ತು," ಎಂದು ನಿಮಿಷಮ್ಮ ಎಲ್ಲವನ್ನೂ ಹೇಳಿದರು. ರಬ್ಬರಿನ ವಿಷಯ, ಫೋನಿನ ವಿಷಯ, ನಲ್ಲಿಗಳ ವಿಷಯ. ಮೇಡಂ ಎಂದದ್ದನ್ನು ಮಾತ್ರ ಹೇಳಲಿಲ್ಲ.

ಮಗಳು ಬಹಳ ಹೊತ್ತು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ಅವಳ ತಲೆಯಲ್ಲಿ ನೂರಾಮೂರು ಇಳಿಯುತ್ತಿರುವುದು ನಿಮಿಷಮ್ಮನಿಗೆ ಕಾಣಿಸುತ್ತಿತ್ತು.

"ತೊಂಬತ್ತೊಂಬತ್ತು," ಎಂದಳು ಕೊನೆಗೆ. "ಹನ್ನೊಂದು ನಿಮಿಷ ತೆಗೆದ್ರೆ ತೊಂಬತ್ತೊಂಬತ್ತಕ್ಕೆ ಬರುತ್ತೆ. ಏಳು ವರ್ಷ, ಅಮ್ಮ. ನನ್ನ ಏಳು ವರ್ಷ."

"ಗೊತ್ತು."

"ಬರೀ ನನ್ನದಲ್ಲ. ದಿನಾ ಸಾವಿರ ಜನ ಆ ರೈಲಲ್ಲಿ ಕೂತಿರ್ತಾರೆ. ನಲವತ್ತೈದು ವರ್ಷ, ಅಷ್ಟೂ ಜನರ ಹನ್ನೊಂದು ಹನ್ನೊಂದು ನಿಮಿಷ. ಎಷ್ಟು ಜನರ ಆಯಸ್ಸು ಆಗುತ್ತೆ ಗೊತ್ತಾ ನಿಂಗೆ?" ಇಷ್ಟು ಹೇಳಿ ಅವಳು ತಟ್ಟನೆ ತಲೆಯೆತ್ತಿದಳು. ದನಿ ತಗ್ಗಿತು. "ಅಜ್ಜಿ ಹೋದ ದಿನ... ನಾವು ಮನೆಗೆ ಹೋಗೋಷ್ಟರಲ್ಲಿ ಹತ್ತು ನಿಮಿಷ ಆಗಿತ್ತು ಅಂತ ನೀನೇ ಹೇಳ್ತಿದ್ದೆ."

ನಿಮಿಷಮ್ಮ ಈ ಪ್ರಶ್ನೆಯನ್ನು ನಾಲ್ಕು ದಶಕ ಒಬ್ಬರೇ ಹೊತ್ತುಕೊಂಡು ತಿರುಗಿದ್ದರು. ಮಗಳಿಗೆ ಆಗ ನಾಲ್ಕು ವರ್ಷ. ಬಾಗಿಲಲ್ಲಿ ನಿಂತ ಪಕ್ಕದ ಮನೆಯಾಕೆ "ಈಗ ತಾನೇ, ಹತ್ತು ನಿಮಿಷ ಆಯ್ತು. ನಿಮ್ಮನ್ನೇ ಕೇಳ್ತಾ ಇದ್ರು" ಎಂದಿದ್ದಳು. ತಾಯಿ ಬಾಗಿಲ ಕಡೆ ನೋಡುತ್ತಿದ್ದ ಹೊತ್ತಿಗೆ ಮಗಳಾದವಳು ಪ್ಲಾಟ್‌ಫಾರಂನಲ್ಲಿ ಗಂಡನ ಜೊತೆ ನಗುತ್ತ ನಡೆದಾಡಿ ಬಂದಿದ್ದಳು.

"ಹೌದು," ಎಂದರು. "ನಿಮ್ಮಪ್ಪನಿಗೆ ಸಾಯೋವರೆಗೂ ಅದನ್ನ ಹೇಳ್ಲಿಲ್ಲ. ಹೇಳಿದ್ರೆ ಆ ಹನ್ನೊಂದು ನಿಮಿಷಾನೂ ಅವರ ಪಾಲಿಗೆ ಇಲ್ದಂಗಾಗ್ತಿತ್ತು."

"ಆಮೇಲಾದ್ರೂ ಅಳಿಸಬಹುದಿತ್ತಲ್ಲ. ಅಪ್ಪನಿಗೆ ವರ್ಗ ಆದ್ಮೇಲೆ?"

"ಪ್ರತಿ ವರ್ಷ ಹೊಸ ಪಟ್ಟಿ ಮಾಡೋವಾಗ ರಬ್ಬರ್ ತಗೊಳ್ತಿದ್ದೆ. ಕೈ ಬರ್ತಿರ್ಲಿಲ್ಲ."

"ಬೆಲೆ ಬಾಳ್ತಿತ್ತಾ, ಅಮ್ಮ? ಅಷ್ಟಕ್ಕೆಲ್ಲ ಅದು ಬಾಳ್ತಿತ್ತಾ?"

"ನಂಗೆ ಗೊತ್ತಿಲ್ಲ ಕಣೆ. ಇಲ್ಲ ಅಂತ ಗೊತ್ತಾಗಿದ್ರೆ ಯಾವತ್ತೋ ಅಳಿಸ್ತಿದ್ದೆ. ಹೌದು ಅಂತ ಗೊತ್ತಾಗಿದ್ರೆ ಊರಿಗೆಲ್ಲ ಹೇಳ್ತಿದ್ದೆ."

ಮಗಳು ಸಹಿಯಿಲ್ಲದ ಹಾಳೆ ತೆಗೆದುಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸೋಮವಾರ, ಮಂಗಳವಾರ ಬಾಯಿಗೆ ಬೀಗ. ಊಟಕ್ಕೆ ಕೂತರೆ ತಟ್ಟೆ ನೋಡುತ್ತಾಳೆ, ಹೊರಡುವಾಗ ಬಾಗಿಲಿಗೆ ಹೇಳಿದ ಹಾಗೆ "ಬರ್ತೀನಿ" ಎನ್ನುತ್ತಾಳೆ. ನಿಮಿಷಮ್ಮನಿಗೆ ಸಿಟ್ಟು ಬರಲಿಲ್ಲ. ಅವಳು ಏನು ಓದುತ್ತಾಳೆಂದೂ ಕೇಳಲಿಲ್ಲ. ಸಹಿ ಇಲ್ಲದೆಯೂ ನೂರಾಮೂರು ಓದಬಹುದಿತ್ತು, ಸಹಿ ಎಲ್ಲಿ ಎಂದು ಕೇಳುವ ಪುಣ್ಯಾತ್ಮರು ಆ ಕಚೇರಿಯಲ್ಲಿ ಹೆಚ್ಚು ಜನ ಇದ್ದಂತಿರಲಿಲ್ಲ. ತೊಂಬತ್ತೊಂಬತ್ತು ಓದಿ, ಹಳೆಯ ಪಟ್ಟಿಯಲ್ಲಿ ಅದ್ಯಾರದೋ ಅಜಾಗರೂಕತೆ ಎಂದು ಕೈ ತೊಳೆದುಕೊಳ್ಳಲೂಬಹುದಿತ್ತು. ಹಾಗೆ ಮಾಡಲಿ ಎಂದೇ ನಿಮಿಷಮ್ಮ ಮನಸ್ಸಿನಲ್ಲಿ ಬಯಸಿದರು. ತಪ್ಪು ತಮ್ಮದು, ಹೆಸರು ಕೆಟ್ಟರೆ ತಮ್ಮದು ಕೆಡಲಿ.

ಬುಧವಾರ ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಅಧ್ಯಕ್ಷರಾಗಿ ಒಬ್ಬ ನಿವೃತ್ತ ನ್ಯಾಯಾಧೀಶರು, ಪಕ್ಕದಲ್ಲಿ ಎಲ್ಲವನ್ನೂ ಬರೆದುಕೊಳ್ಳುವ ಗುಮಾಸ್ತ. ಒಬ್ಬ ನರ್ಸ್ ಎದ್ದು, ದೊಡ್ಡಾಸ್ಪತ್ರೆ ಆ ತುದಿಯಲ್ಲಿದೆ, ಆರು ಗಂಟೆ ತಾಳಲಾರದ ರೋಗಿಗಳನ್ನು ತಾನು ಕಣ್ಣಾರೆ ಕಂಡಿದ್ದೇನೆ, ಖರ್ಚಿನ ಮಾತನ್ನು ಅವರ ಮನೆಯವರ ಮುಂದೆ ಆಡಿ ಎಂದಳು. ಅವಳ ಹಿಂದೆಯೇ ಒಬ್ಬ ಮೇಷ್ಟ್ರು, ನಡುವಿನ ಹದಿನಾರು ಊರುಗಳಲ್ಲಿ ಹೊಸ ರೈಲು ನಿಲ್ಲುವುದೇ ಇಲ್ಲ, ತೆರಿಗೆ ಮಾತ್ರ ಹದಿನಾರೂ ಊರಿನವರು ಕಟ್ಟಬೇಕಲ್ಲ ಎಂದರು. ಇಬ್ಬರಿಗೂ ಚಪ್ಪಾಳೆ ಬಿತ್ತು. ನಿಮಿಷಮ್ಮನಿಗೆ ಇಬ್ಬರ ಮಾತೂ ಸರಿಯೆನಿಸಿತು, ಅದೇ ಸಂಕಟ.

ಮಗಳು ಎದ್ದು ನಿಂತಳು. ವರದಿಯ ಮೊದಲ ಪುಟಗಳನ್ನು ಎಂದಿನ ವೇಗದಲ್ಲಿ ಓದಿದಳು. ಕೊನೆಯ ಪುಟಕ್ಕೆ ಬಂದಾಗ ನೀರು ಕುಡಿದಳು.

"ನೂರು ಪಾಲು ಖರ್ಚಿಗೆ ತೊಂಬತ್ತೊಂಬತ್ತು ಪಾಲು ಲಾಭ," ಎಂದಳು.

ಸಭೆಯಲ್ಲಿ ಗುಜುಗುಜು ಎದ್ದಿತು. ಅವಳ ಮೇಲಧಿಕಾರಿ ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕುಳಿತ. ಅಧ್ಯಕ್ಷರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

"ಮೊದಲು ಕಳಿಸಿದ ಪ್ರತಿಯಲ್ಲಿ ನೂರಾಮೂರು ಅಂತ ಇದೆಯಲ್ಲಮ್ಮ?"

"ಹೌದು ಸರ್. ಹಳೇ ರೈಲಿನ ಸಮಯದಲ್ಲಿ, ನಡುವಿನ ಒಂದು ಸ್ಟೇಷನ್ನಲ್ಲಿ ಹನ್ನೊಂದು ನಿಮಿಷದ ನಿಲುಗಡೆ ಇದೆ. ರೈಲಿಗೆ ಅದು ಬೇಕಾಗಿಲ್ಲ. ನಾಳೇನೇ ತೆಗೀಬಹುದು. ಅದನ್ನ ಕಳೆದು ಹೇಳಿದೀನಿ."

"ಬೇಡದ ನಿಲುಗಡೆ ಇಷ್ಟು ವರ್ಷ ಹೇಗಿತ್ತು?" ಅಧ್ಯಕ್ಷರ ಹುಬ್ಬೇರಿತು. "ಯಾತಕ್ಕೆ ನಿಲ್ತಿತ್ತು ಅದು?"

ನಿಮಿಷಮ್ಮ ಪಕ್ಕದ ಕುರ್ಚಿಯ ಬೆನ್ನು ಹಿಡಿದು ಎದ್ದರು.  ನಾನು ಮಾಡಿದ್ದು ಎಂದು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮಗಳು ಮೈಕಿನ ಹತ್ತಿರ ಬಾಗಿದಳು.

"ನಮ್ಮಪ್ಪ ನನ್ನ ಎತ್ಕೊಳ್ಳೋಕೆ," ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಬರೆದುಕೊಳ್ಳುತ್ತಿದ್ದ ಗುಮಾಸ್ತ ತಲೆಯೆತ್ತಿ, "ಇನ್ನೊಂದ್ಸಲ ಹೇಳಿ," ಎಂದ.

ಮಗಳು ಇನ್ನೊಂದು ಸಲ ಹೇಳಿದಳು. ಈ ಸಲ ಅಮ್ಮನನ್ನು ನೋಡುತ್ತ ಹೇಳಿದಳು.